ದೊಡ್ಡಪ್ಪನ ‘ಪುಟ್ ಅಪ್’

ಮುಂಬಯಿಯ ಮಾಟುಂಗಾದಲ್ಲಿ ಮದುವೆ ಊಟ ಮುಗಿಸಿ ಈಗಷ್ಟೇ ಮನೆಗೆ ಬಂದೆ. ಹೋಳಿಗೆ ಚೆನ್ನಾಗಿತ್ತು. ತಲೆಬಿಸಿ ಮಾತ್ರ ಇನ್ನೂ ಇಳಿದಿಲ್ಲ.

ಊಟಕ್ಕೆ ದೊಡ್ಡಪ್ಪನ ಪಕ್ಕ ಕೂತಿದ್ದೆ. ಕನ್ನಡ ಬಾರದ ಅತಿಥಿಯೊಬ್ಬರು ಮನೆ ಎಲ್ಲಿ ಅಂತ ಅವರನ್ನು ಕೇಳಿದರು. ದೊಡ್ಡಪ್ಪ ಬೆನ್ನು ನೆಟ್ಟಗೆ ಮಾಡಿಕೊಂಡು, “ಐ ಯಾಮ್ ಪುಟ್ ಅಪ್ ಎಟ್ ಡೊಂಬಿವಲಿ” ಅಂದರು. ಈ ಕಡೆ ಕೂತಿದ್ದ ಬೆಂಗಳೂರಿನ ಹುಡುಗ ಫಕ್ಕನೆ ನಕ್ಕ. “ಅಂಕಲ್, ಪುಟ್ ಅಪ್ ಅಂದ್ರೆ ಸಹಿಸ್ಕೊಳ್ಳೋದು. ಡೊಂಬಿವಲಿನ ಸಹಿಸ್ಕೊಂಡಿದ್ದೀರಾ?”

ಸುತ್ತಲಿನವರೆಲ್ಲ ನಕ್ಕರು. ಹೋಳಿಗೆ ಮುರಿಯುತ್ತಿದ್ದ ದೊಡ್ಡಪ್ಪನ ಬೆರಳು ಅಲ್ಲೇ ನಿಂತಿತು. “ಹೌದಾ ಮಗಾ? ನಮ್ಮ ಕಾಲದಲ್ಲಿ ಹೀಗೇ ಹೇಳ್ತಿದ್ದೆವು” ಅಂದರು. ಆಮೇಲೆ ಮಜ್ಜಿಗೆ ಬರುವ ತನಕ ಮಾತಿಲ್ಲ.

ಜೋಕ್ ಚೆನ್ನಾಗಿತ್ತು, ಒಪ್ಪೋಣ. ಹುಡುಗನ ಇಂಗ್ಲಿಷೇ ತಪ್ಪು! ಸಹಿಸಿಕೊಳ್ಳುವುದು ‘ಪುಟ್ ಅಪ್ ವಿತ್’. ಬಾಲದಲ್ಲಿ ಆ ‘ವಿತ್’ ಇರಲೇಬೇಕು. ಅದಿಲ್ಲದ ‘ಪುಟ್ ಅಪ್’ಗೆ ಉಳಿದುಕೊಳ್ಳುವುದು, ಉಳಿಸಿಕೊಳ್ಳುವುದು ಅನ್ನುವ ಅರ್ಥ ಹಳೆಯದು. ಇಂಗ್ಲಿಷರೇ ಛತ್ರದಲ್ಲಿ ತಂಗಿದ್ದಕ್ಕೆ ಹಾಗೆ ಬರೆಯುತ್ತಿದ್ದರು. ಕೊಡೆ ಬಿಚ್ಚುವುದಕ್ಕೂ, ಬಾಡಿಗೆ ಏರಿಸುವುದಕ್ಕೂ ಅದೇ ಮಾತು. ದೊಡ್ಡಪ್ಪನ ಆಫೀಸಿನಲ್ಲಂತೂ ಫೈಲನ್ನು ಸಾಹೇಬರ ಮುಂದಿಡುವುದೂ ಪುಟ್ ಅಪ್ಪೇ. ಆ ಮಾತಿನಲ್ಲೇ ಅವರ ನೌಕರಿ ಸವೆದಿದೆ.

ನಮಗೆ ಇದೇನು ಹೊಸದಾ? ‘ತಡೆ’ ಅಂದರೆ ನಿಲ್ಲಿಸು, ‘ತಡ್ಕೊ’ ಅಂದರೆ ಸಹಿಸು. ‘ಇಳಿ’ ಅಂದರೆ ರೈಲಿನಿಂದ ಇಳಿಯುವುದು. ‘ಎಲ್ಲಿ ಇಳ್ಕೊಂಡಿದ್ದೀರಿ?’ ಅಂದರೆ ಎಲ್ಲಿ ಉಳಿದುಕೊಂಡಿದ್ದೀರಿ ಅಂತ. ಒಂದು ‘ಕೊ’ ಸೇರಿದರೆ ಮಾತೇ ಬೇರೆ. ಇದನ್ನು ಹುಟ್ಟಿನಿಂದ ಆಡುವ ಹುಡುಗನಿಗೆ ಒಂದು ‘ವಿತ್’ ಕಾಣಲಿಲ್ಲವಲ್ಲ! (ಬೆಳಿಗ್ಗೆ ಡೊಂಬಿವಲಿಯಿಂದ ಕಿಕ್ಕಿರಿದ ಫಾಸ್ಟ್ ಲೋಕಲ್ ರೈಲು ಹತ್ತಿದವರಿಗೆ ಇಳ್ಕೊಳ್ಳುವುದೂ ತಡ್ಕೊಳ್ಳುವುದೂ ಒಂದೇ. ಅದು ಬೇರೆ ವಿಷಯ.)

ತಪ್ಪಿದ್ದರೆ ತಿದ್ದಬಾರದಾ ಅಂತ ಕೇಳುತ್ತೀರಿ, ಗೊತ್ತು. ಇಂಗ್ಲಿಷರ ‘ಪುಟ್ ಅಪ್’ ನಾಲ್ಕು ದಿನದ ವಾಸಕ್ಕೆ, ನಲವತ್ತು ವರ್ಷದ ಸಂಸಾರಕ್ಕಲ್ಲ. ಹುಡುಗ ಅದನ್ನು ಹಿಡಿದಿದ್ದರೆ ಸರಿ, ಅನ್ನಬಹುದಿತ್ತು. ಆದರೂ ನಾಲ್ಕು ಜನರ ಎದುರು ಎಪ್ಪತ್ತೈದರ ಮನುಷ್ಯನನ್ನು ತಿದ್ದುವುದು ಯಾವ ವ್ಯಾಕರಣ? ದೊಡ್ಡಪ್ಪ ಈ ಊರಿಗೆ ಬಂದಾಗ ಮೊದಲು ಇಳ್ಕೊಂಡದ್ದು ಉಡುಪಿ ಹೋಟೆಲಿನ ಟೇಬಲ್ಲುಗಳ ಮೇಲೆ. ಶಟರ್ ಎಳೆದ ಮೇಲೆ ನಾಲ್ಕು ಟೇಬಲ್ ಜೋಡಿಸಿ ಹಾಸಿಗೆ. ಹಗಲು ಲೋಟ ತೊಳೆದು, ಸಂಜೆ ರಾತ್ರಿಶಾಲೆಯಲ್ಲಿ ಕಲಿತ ಇಂಗ್ಲಿಷ್ ಅದು.

ಇಷ್ಟೆಲ್ಲ ಬರೆಯುವ ನಾನು ಅಲ್ಲಿ ಏನು ಮಾಡಿದೆ ಗೊತ್ತಾ? ನಕ್ಕೆ. ಜಾಸ್ತಿ ಅಲ್ಲ, ಸುಮ್ನೆ ಹಲ್ಲು ಕಾಣುವಷ್ಟು. ನನಗೂ ಖಾತ್ರಿ ಇರಲಿಲ್ಲ. ಮನೆಗೆ ಬಂದು ಡಿಕ್ಷನರಿ ತೆಗೆದ ಮೇಲೆ ಬಂದ ರೋಷ ಇದು.

ದೊಡ್ಡಪ್ಪನಿಗೆ ಫೋನ್ ಮಾಡಿ, “ನೀವು ಹೇಳಿದ್ದೇ ಸರಿ, ಅವನದ್ದೇ ತಪ್ಪು” ಅಂದೆ.

“ಅದಿರಲಿ ಮಾರಾಯ, ಆ ಹುಡುಗ ರಾತ್ರಿ ಎಲ್ಲಿ ಇಳ್ಕೊಳ್ತಾನಂತೆ? ಲಾಡ್ಜಿಗೆ ಯಾಕೆ ಸುಮ್ನೆ ದುಡ್ಡು? ನಮ್ಮಲ್ಲಿಗೇ ಬರಲಿಕ್ಕೆ ಹೇಳು. ಹಾಲಿನಲ್ಲಿ ಚಾಪೆ ಹಾಕಿಕೊಡ್ತೇನೆ.”