ಕಾದಂಬರಿಯ ಒಂದೇ ದೃಶ್ಯದಲ್ಲಿ ಇಬ್ಬರ ಮನಸ್ಸಿನೊಳಗೆ ಹೋಗಬಹುದಾ?

ಪರ

ಸಕಲೇಶಪುರದ ಕಡೆ ರಾತ್ರಿ ತೋಟಕ್ಕೆ ಆನೆ ಬಂತು ಅಂದುಕೊಳ್ಳಿ. ಸಾಹುಕಾರರು ಟಾರ್ಚ್ ಹಿಡಿದು ಜಗಲಿಯಲ್ಲಿ ನಿಂತಿದ್ದಾರೆ. ಕೆಳಗೆ ಲೈನ್ ಮನೆಯಲ್ಲಿ, ಅಂದರೆ ತೋಟದ ಕೂಲಿಯವರ ಸಾಲುಮನೆಯಲ್ಲಿ, ಒಬ್ಬ ತಾಯಿ ಮಗುವಿನ ಬಾಯಿಗೆ ಕೈ ಅಡ್ಡ ಇಟ್ಟು ಕೂತಿದ್ದಾಳೆ. ಅವರಿಗೆ ಕಾಫಿ ಗಿಡದ ಚಿಂತೆ, ಅವಳಿಗೆ ಗೋಡೆ ತಡೆದೀತಾ ಎಂಬ ಚಿಂತೆ. ಇದನ್ನು ಕಾದಂಬರಿಯಲ್ಲಿ ಬರೆಯುವಾಗ ಸಾಹುಕಾರರ ಮನಸ್ಸು ಬಿಟ್ಟು ಆಚೆ ಹೋಗಬೇಡ ಎಂದರೆ ಹೇಗೆ? ಮುಂದಿನ ಅಧ್ಯಾಯದವರೆಗೆ ಅವಳು ಕಾಯಬೇಕಾ? ಅಷ್ಟು ಹೊತ್ತಿಗೆ ಆನೆ ಹೊರಟುಹೋಗಿರುತ್ತದೆ.

ಒಬ್ಬರ ಮನಸ್ಸಿನಿಂದ ಇನ್ನೊಬ್ಬರ ಮನಸ್ಸಿಗೆ ದಾಟುವುದಕ್ಕೆ ಒಂದು ಸಂಕ, ಹಳ್ಳದ ಮೇಲಿನ ಕಾಲುಸೇತುವೆಯಂಥದ್ದು, ಬೇಕು, ಅಷ್ಟೇ. ಬೈನೆ ಮರ ಮುರಿದ ಸದ್ದು ಜಗಲಿಗೆ ಕೇಳಿಸಿತು. ಅದೇ ಸದ್ದು ಲೈನ್ ಮನೆಗೂ ಕೇಳಿಸಿತು. ಆ ಸದ್ದಿನ ಮೇಲೆ ಹೆಜ್ಜೆ ಇಟ್ಟು ಓದುವವರು ಆರಾಮಾಗಿ ಈಚೆಯಿಂದ ಆಚೆಗೆ ಬರುತ್ತಾರೆ.

ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ (1967) ನೋಡಿ. ಗುತ್ತಿ ಎಂಬವನ ಜೊತೆ ಹೊರಟ ಕಥೆ ಎಷ್ಟು ಜನರ ಮನೆ, ಮನಸ್ಸು ಹೊಕ್ಕು ಬರುತ್ತದೆ! ಆದರೂ ನಾವು ದಾರಿ ತಪ್ಪುವುದಿಲ್ಲ. ಕಥೆ ಹೇಳುವ ದನಿ ಒಂದೇ ಇದೆ, ಅದು ಕೈಹಿಡಿದು ಕರೆದುಕೊಂಡು ಹೋಗುತ್ತದೆ.

ವಿರೋಧ

ಸಂಕ ಇದ್ದರೆ ದಾಟಬಹುದು, ನಿಜ. ಆದರೆ ದಾಟಿದ ಮೇಲೆ ಭಯ ಉಳಿಯುತ್ತದಾ? ಲೈನ್ ಮನೆಯಲ್ಲಿ ಏನಾಗುತ್ತಿದೆ ಎಂದು ಜಗಲಿಯಲ್ಲಿ ನಿಂತವರಿಗೆ ಗೊತ್ತಿಲ್ಲ. ಕತ್ತಲೆ ಇರುವುದೇ ಅಲ್ಲಿ. ಎರಡೂ ಕಡೆ ದೀಪ ಹಚ್ಚಿದರೆ ಓದುವವರು ಹೆದರುವುದು ಯಾವುದಕ್ಕೆ?

ಪಾತ್ರ ಬದಲಿಸಲೇಬಾರದು ಅಂತ ನಾನು ಹೇಳುತ್ತಿಲ್ಲ. ನಮ್ಮ ಹಾಸನ ಜಿಲ್ಲೆಯ ಸಂತೇಶಿವರದವರಾದ ಭೈರಪ್ಪ ‘ಪರ್ವ’ದಲ್ಲಿ (1979) ಶಲ್ಯ, ಕುಂತಿ, ದ್ರೌಪದಿ, ಭೀಮ ಹೀಗೆ ಒಬ್ಬೊಬ್ಬರ ಒಳಗೂ ಹೋಗುತ್ತಾರೆ. ಆದರೆ ಅವಸರ ಇಲ್ಲ. ಒಬ್ಬರ ನೆನಪಿನಲ್ಲಿ ಪುಟಗಟ್ಟಲೆ ಕೂತು, ಆಮೇಲೆ ಎದ್ದು ಬರುತ್ತಾರೆ. ಮೂಡಿಗೆರೆಯ ತೇಜಸ್ವಿ ‘ಕರ್ವಾಲೊ’ದಲ್ಲಿ (1980) ಕಥೆಯನ್ನು ‘ನಾನು’ ಎನ್ನುವವನ ಬಾಯಲ್ಲೇ ಹೇಳಿಸಿದರು. ಅದರಲ್ಲಿ ಬರುವ ಮಂದಣ್ಣನನ್ನು ನಾವು ಹೊರಗಿನಿಂದಲೇ ನೋಡುತ್ತೇವೆ. ಅವನು ನನ್ನನ್ನು ಇವತ್ತಿಗೂ ಬಿಡದೆ ಕಾಡುವುದು ಅದಕ್ಕೇ.

ನಾನೂ ಈ ತಪ್ಪು ಮಾಡಿದ್ದೆ. ನನ್ನ ಕರಡಿನಲ್ಲಿ ಹೆಣ್ಣು ನೋಡುವ ಶಾಸ್ತ್ರದ ಒಂದು ದೃಶ್ಯವಿತ್ತು. ಹುಡುಗಿ, ಹುಡುಗ, ಅವನ ತಾಯಿ, ಮೂವರೂ ಏನು ಅಂದುಕೊಂಡರು ಎಂದು ಒಂದೇ ಪುಟದಲ್ಲಿ ಬರೆದಿದ್ದೆ. ಓದಿದ ಗೆಳತಿ, “ಎಲ್ಲಾ ನೀನೇ ಹೇಳಿಬಿಟ್ಟೆ, ನಾನು ಯಾರ ಪಕ್ಕ ಕೂತ್ಕೊಳ್ಲಿ?” ಅಂದಳು. ತುಂಬಾ ನೋವಾಯಿತು. ಎರಡು ದಿನ ಬಿಟ್ಟು ಆ ಪುಟ ಹರಿದು, ಹುಡುಗಿಯ ಕಣ್ಣಿನಿಂದ ಮಾತ್ರ ಬರೆದೆ. ಹುಡುಗ ಕಾಫಿ ಲೋಟ ತಗೊಂಡ. ಒಂದು ಗುಟುಕು ಕುಡಿದು ಕೆಳಗಿಟ್ಟ. ಮತ್ತೆ ಮುಟ್ಟಲಿಲ್ಲ. ಸಕ್ಕರೆ ಕಡಿಮೆ ಆಯ್ತಾ, ತಾನೇ ಇಷ್ಟ ಆಗಲಿಲ್ವಾ? ಅವಳು ಲೋಟದ ಮೇಲೆ ಕೆನೆ ಕಟ್ಟುವುದನ್ನೇ ನೋಡುತ್ತಾ ನಿಂತಳು.