ಸ್ಟೈಪೆಂಡೇನೋ ಸರಿ, ಕಲಿಸುವವರು ಯಾರು?

ಕೆಲಸ ಮಾಡುತ್ತಲೇ ಕಸುಬು ಕಲಿಯುವ ಅಪ್ರೆಂಟಿಸ್‌ಗಳ ಹೆಸರಿನಲ್ಲಿ ಇಂಗ್ಲೆಂಡಿನಲ್ಲೂ ದುಡ್ಡು ಹರಿಯುತ್ತದೆ, ನಮ್ಮಲ್ಲೂ ಹರಿಯುತ್ತದೆ. ಅದು ಯಾರ ಕೈ ಸೇರುತ್ತದೆ ಎನ್ನುವುದರಲ್ಲೇ ವ್ಯತ್ಯಾಸ ಇರುವುದು. ನಾನೀಗ ಇರುವ ಇಂಗ್ಲೆಂಡಿನಲ್ಲಿ ವರ್ಷದ ಸಂಬಳದ ಬಾಬ್ತು 30 ಲಕ್ಷ ಪೌಂಡ್ ದಾಟಿದ ಕಂಪನಿಗಳು, ದಾಟಿದ ಮೊತ್ತದ ಮೇಲೆ ಶೇ 0.5ರಷ್ಟು ಲೆವಿ (ಕಡ್ಡಾಯ ಶುಲ್ಕ) ಕಟ್ಟುತ್ತವೆ. 2017ರ ಏಪ್ರಿಲ್‌ನಿಂದ ಇದು ಜಾರಿಯಲ್ಲಿದೆ. ಆ ಹಣ ತರಬೇತಿಗೆ ಮತ್ತು ಪರೀಕ್ಷೆಗೆ ಮಾತ್ರ. ಸಂಬಳಕ್ಕೆ ಅದನ್ನು ಮುಟ್ಟುವಂತಿಲ್ಲ, ಮಾಲೀಕನೇ ಕೊಡಬೇಕು.

ನಮ್ಮದು ತಿರುವುಮುರುವು. 2016ರಲ್ಲಿ ಶುರುವಾದ ಕೇಂದ್ರದ ಅಪ್ರೆಂಟಿಸ್ ಉತ್ತೇಜನ ಯೋಜನೆ ಸ್ಟೈಪೆಂಡಿನ ಕಾಲು ಭಾಗ ಕೊಡುತ್ತದೆ, ಅದೂ ತಿಂಗಳಿಗೆ 1,500 ರೂಪಾಯಿ ಮೀರುವಂತಿಲ್ಲ. 2019ರ ನಿಯಮದ ಪ್ರಕಾರ ಐಟಿಐ ಮುಗಿಸಿದವರಿಗೆ ಕನಿಷ್ಠ 7,000 ಎಂದು ಹಿಡಿದರೆ ಮಾಲೀಕನ ಪಾಲು 5,500. ಕಲಿಸುವುದಕ್ಕೆ? ಈ ಯೋಜನೆಯ ಮೊದಲ ರೂಪದಲ್ಲಿ 500 ಗಂಟೆಗಳ ಮೂಲ ತರಬೇತಿಗೆ ತಲೆಗೆ 7,500 ಇಟ್ಟಿದ್ದರು, ಅಂದರೆ ಗಂಟೆಗೆ 15 ರೂಪಾಯಿ. ಇಪ್ಪತ್ತು ಜನರ ಬ್ಯಾಚ್ ಸಿಗುವ ಪೀಣ್ಯದಲ್ಲಿ ಇದು ಹೇಗೋ ಹೊಂದೀತು. ಇಬ್ಬರೋ ಮೂವರೋ ಇರುವ ಸಕಲೇಶಪುರ, ಮೂಡಿಗೆರೆಯಲ್ಲಿ ಹೆಚ್ಚೆಂದರೆ ಗಂಟೆಗೆ 45 ರೂಪಾಯಿಗೆ ಯಾವ ಮೇಸ್ತ್ರಿ ಬಂದು ಪಾಠ ಹೇಳುತ್ತಾನೆ?

ಹಾಸನ, ಚಿಕ್ಕಮಗಳೂರಿನಲ್ಲಿ ಕಾಫಿ ಬೀಜದ ಸಿಪ್ಪೆ ಬಿಡಿಸಿ ವಿಂಗಡಿಸುವ ಕ್ಯೂರಿಂಗ್ ವರ್ಕ್ಸ್‌ಗಳನ್ನೇ ತೆಗೆದುಕೊಳ್ಳಿ. ಅಲ್ಲಿಗೆ ಬರುವ ಫಿಟ್ಟರ್ ಹುಡುಗನಿಗೆ ಬೇರಿಂಗ್, ಬೆಲ್ಟು ಗೊತ್ತಿರುತ್ತದೆ, ಕಾಫಿ ಗೊತ್ತಿರುವುದಿಲ್ಲ. ಪಾರ್ಚ್‌ಮೆಂಟ್‌ನ, ಅಂದರೆ ಒಳಸಿಪ್ಪೆ ಇರುವ ಬೀಜದ ತೇವಾಂಶ ಶೇ 10ರ ಆಸುಪಾಸಿಗೆ ಇಳಿದಿರಬೇಕು. ಹಸಿ ಉಳಿದಿದ್ದರೆ ಹಲ್ಲರ್‌ನಲ್ಲಿ (ಸಿಪ್ಪೆ ಬಿಡಿಸುವ ಮೆಷೀನು) ಸಿಪ್ಪೆ ಸರಿಯಾಗಿ ಬಿಡದೆ ಬೀಜ ಚಪ್ಪಟೆಯಾಗುತ್ತದೆ, ಅತಿಯಾಗಿ ಒಣಗಿದ್ದರೆ ಒಡೆಯುತ್ತದೆ. ಬೀಜ ಒಡೆಯುತ್ತಿದೆ ಎಂದ ಕೂಡಲೇ ಹೊಸಬ ಹಲ್ಲರ್‌ನ ಗ್ಯಾಪ್ ಸಡಿಲಿಸುತ್ತಾನೆ, ತೇವ ನೋಡುವುದಿಲ್ಲ. ಆಮೇಲೆ ಸಿಪ್ಪೆ ಬಿಡದ ಬೀಜವೆಲ್ಲ ಗಾತ್ರದ ಪ್ರಕಾರ ಜರಡಿ ಹಿಡಿಯುವ ಗ್ರೇಡರ್‌ಗೆ ಹೋಗುತ್ತದೆ. ಜರಡಿಯ ಕಣ್ಣಿಗೆ ಬೀಜ ಸಿಕ್ಕಿಕೊಂಡು ಕೂತರೆ ಸಣ್ಣ ಬೀಜವೂ ದೊಡ್ಡ ಗ್ರೇಡಿನ ಮೂಟೆ ಸೇರುತ್ತದೆ. ಇದನ್ನು ಯಾವ ಐಟಿಐ ಕ್ಲಾಸಿನಲ್ಲೂ ಕಲಿಸಲಾಗದು, ಮೆಷೀನಿನ ಪಕ್ಕದಲ್ಲೇ ಕಲಿಯಬೇಕು.

ಆದರೆ ಜನವರಿಯಿಂದ ಬೇಸಿಗೆ ಮುಗಿಯುವ ತನಕ ಮೆಷೀನಿನ ಪಕ್ಕ ನಿಂತವನಿಗೆ ಕಲಿಸಲು ಯಾರಿಗೂ ಪುರುಸೊತ್ತಿಲ್ಲ. ಹುಡುಗ ಮೂಟೆ ಎತ್ತುತ್ತಾನೆ, ದಾಖಲೆಯಲ್ಲಿ ಅಪ್ರೆಂಟಿಸ್ ಆಗಿರುತ್ತಾನೆ. ಇಂಗ್ಲೆಂಡಿನ ನಿಯಮ ನಮಗೆ ಉಪಯೋಗಕ್ಕೆ ಬರುವುದು ಇಲ್ಲೇ: ಸಂಬಳ ಕೊಡುವ ಕೆಲಸದ ಹೊತ್ತಿನಲ್ಲೇ ಇಂತಿಷ್ಟು ಗಂಟೆ ಕೆಲಸದಿಂದ ಬಿಡಿಸಿ ಕಲಿಸಲೇಬೇಕು, ಬೇಕಾದರೆ ವಾರಗಟ್ಟಲೆ ಒಟ್ಟಿಗೆ. ಮಲೆನಾಡಿಗೆ ಮಳೆಗಾಲವೇ ಇದಕ್ಕೆ ಹೇಳಿ ಮಾಡಿಸಿದ ಸಮಯ. ಹಲ್ಲರ್ ಬಿಚ್ಚಿ ಸವೆದ ಭಾಗ ಬದಲಿಸುವ ಕೆಲಸ ಹೇಗೂ ಆಗಲೇ ನಡೆಯುತ್ತದೆ. ನಾಲ್ಕೈದು ವರ್ಕ್ಸ್‌ನವರು ಹುಡುಗರನ್ನು ಒಂದೇ ಬ್ಯಾಚಿಗೆ ಸೇರಿಸಿದರೆ ಮೇಸ್ತ್ರಿಯ ಖರ್ಚೂ ಗಿಟ್ಟುತ್ತದೆ. ನಮ್ಮ ಅಪ್ರೆಂಟಿಸ್ ಕಾಯ್ದೆಗೆ 2014ರಲ್ಲಿ ತಿದ್ದುಪಡಿಯಾದ ಮೇಲೆ ಉದ್ಯಮದವರೇ ಪಠ್ಯಕ್ರಮ ರೂಪಿಸಿಕೊಳ್ಳಲು ಅವಕಾಶವಿದೆ. ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರವೂ ದೂರವಿಲ್ಲ.

ಇನ್ನು ಕಡ್ಡಾಯದ ಮಾತು. ನಮ್ಮಲ್ಲಿ 30 ಅಥವಾ ಹೆಚ್ಚು ಕೆಲಸಗಾರರಿದ್ದರೆ ಶೇ 2.5ರಿಂದ 15ರಷ್ಟು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಬೇಕು. 40 ಜನರಿರುವ ಕಡೆ ಒಬ್ಬ ಸಾಕು, ಆರು ಜನರವರೆಗೂ ಆಗಬಹುದು. ಮಾಲೀಕರು ಒಬ್ಬನಿಗೇ ನಿಲ್ಲಿಸಿದರೆ ಅವರನ್ನು ಬೈದು ಪ್ರಯೋಜನವಿಲ್ಲ.

ಸ್ಟೈಪೆಂಡಿನಲ್ಲಿ ಸರ್ಕಾರದ ಪಾಲು ಈಗ ನೇರ ಅಪ್ರೆಂಟಿಸ್‌ನ ಖಾತೆಗೆ ಬರುವುದು ಒಳ್ಳೆಯದೇ. ಎರಡು ಬ್ಯಾಂಕ್ ಖಾತೆ ಇದ್ದವರು ಮಾತ್ರ ಆಧಾರ್ ಯಾವುದಕ್ಕೆ ಜೋಡಣೆಯಾಗಿದೆ ಎಂದು ಮೊದಲೇ ನೋಡಿಕೊಳ್ಳಬೇಕು. ಇಲ್ಲದಿದ್ದರೆ ಹಣ ಮರೆತುಹೋದ ಖಾತೆಗೆ ಹೋಗಿ ಬೀಳುತ್ತದೆ.

ಹಾಗೆಂದು ಲೆವಿಯನ್ನೇ ಎತ್ತಿ ತನ್ನಿ ಎನ್ನುವುದಿಲ್ಲ. ಇಂಗ್ಲೆಂಡಿನ ದೊಡ್ಡ ಕಂಪನಿಗಳು ಆ ಹಣದಲ್ಲಿ ಈಗಾಗಲೇ ಕೆಲಸದಲ್ಲಿರುವ ಮ್ಯಾನೇಜರ್‌ಗಳಿಗೆ ಕೋರ್ಸ್ ಮಾಡಿಸಿದವು, ಹೊಸ ಹುಡುಗರ ಪಾಲು ಕರಗಿತು. ನಮ್ಮ ಎರಡು ಜಿಲ್ಲೆಗಳಿಗೆ ಬೇಕಿರುವುದು ಇಷ್ಟೇ: 1,500ಕ್ಕೆ ಇನ್ನೊಂದು 500 ಸೇರಿಸುವ ಬದಲು ಆ ದುಡ್ಡನ್ನು ಮಳೆಗಾಲದ ಬ್ಯಾಚಿನ ಮೇಸ್ತ್ರಿಗೂ, ಕೊನೆಗೆ ಹೊರಗಿನಿಂದ ಬಂದು ಹುಡುಗನ ಕೈಯಲ್ಲಿ ಹಲ್ಲರ್ ಬಿಚ್ಚಿಸಿ ಜೋಡಿಸಿ ನೋಡುವ ಪರೀಕ್ಷಕನಿಗೂ ಕೊಡಲಿ.