ಉಕ್ಕಿನ ಊರಲ್ಲೊಂದು ತಗಡು

ಬಳ್ಳಾರಿಯವನಿಗೆ ತಗಡು ಸಿಗಲಿಲ್ಲ ಅಂದರೆ ಯಾರು ನಂಬುತ್ತಾರೆ? ಸಂಡೂರಿನ ಗುಡ್ಡದಲ್ಲಿ ಅದಿರು, ತೋರಣಗಲ್ಲಿನಲ್ಲಿ ಉಕ್ಕಿನ ಕಾರ್ಖಾನೆ, ಹೈವೇಯಲ್ಲಿ ಟನ್‌ಗಟ್ಟಲೆ ಉಕ್ಕಿನ ತಗಡಿನ ಸುರುಳಿ (ಕಾಯಿಲ್) ಹೊತ್ತ ಲಾರಿಗಳು. ನನಗೆ ಬೇಕಾಗಿದ್ದು ಎರಡೇ ಎರಡು ಶೀಟು. ಅಪ್ಪನ ಕಾಲದ ಪ್ರೀಮಿಯರ್ ಪದ್ಮಿನಿ ಕಾರಿನ ನೆಲಕ್ಕೆ, ಡ್ರೈವರ್ ಸೈಡಿಗೊಂದು, ಕ್ಲೀನರ್ ಸೈಡಿಗೊಂದು.

ಬಳ್ಳಾರಿ ಬಿಸಿಲಲ್ಲಿ ತುಕ್ಕು ಹೇಗೆ ಹಿಡಿಯಿತು ಅಂತೀರಾ? ಮುಂದಿನ ಗಾಜಿನ ರಬ್ಬರ್ ಬೀಡಿಂಗ್ ಆ ಬಿಸಿಲಿಗೇ ಒಣಗಿ ಸೀಳಿತ್ತು. ಬಿದ್ದ ಚೂರುಪಾರು ಮಳೆ ಅಲ್ಲಿಂದ ಇಳಿದು ಮ್ಯಾಟ್ ಕೆಳಗೆ ಸೇರುತ್ತಿತ್ತು. ಸಾಲದ್ದಕ್ಕೆ ಪ್ರತಿ ಆಯುಧಪೂಜೆಗೂ ಮನೆಮಂದಿಯೆಲ್ಲ ಸೇರಿ ಒಳಗೂ ಹೊರಗೂ ಬಕೆಟ್‌ಗಟ್ಟಲೆ ನೀರು ಹೊಯ್ದು ಪುಣ್ಯ ಕಟ್ಟಿಕೊಂಡಿದ್ದೇವೆ. ಮೇಲೆ ಮ್ಯಾಟ್ ಹೊಸದು, ಕೆಳಗೆ ನೆಲವೇ ಇಲ್ಲ. ಮೋತಿ ಸರ್ಕಲ್ ಹತ್ತಿರ ನನ್ನ ಹೆಂಡತಿ ಸುಮ್ನೆ ಕಾಲು ಚಾಚಿದ್ದಷ್ಟೇ, ಒಂದು ಚಪ್ಪಲಿ ರಸ್ತೆ ಪಾಲಾಯಿತು. ಹಿಂದಿದ್ದ ಆಟೋದವನು ಎತ್ತಿಕೊಂಡು ಬಂದು, "ಅಕ್ಕಾ, ನಿಮ್ ಗಾಡೀಗೆ ಕೆಳಗೂ ಬಾಗಿಲು ಐತೇನ್ರಿ?" ಅಂದ.

ಕೌಲ್ ಬಜಾರ್‌ನಲ್ಲಿ ಗಾಡಿಗಳ ತಗಡು ಕೆಲಸ ಮಾಡುವ ಟಿಂಕರ್ ಭಾಯಿ ಸ್ಕ್ರೂಡ್ರೈವರಿನ ಹಿಡಿಯಿಂದ ನೆಲ ಕುಟ್ಟುತ್ತಾ ಹೋದರು. ಗಟ್ಟಿ ಇದ್ದಲ್ಲಿ ಟಣ್ ಅಂತು. ಉಳಿದ ಕಡೆ ಹಿಡಿಯೇ ಆ ಕಡೆ ಹೋಯಿತು. ಅಷ್ಟರಲ್ಲಿ ಸಲಹೆಗಾರರು ನೆರೆದರು. ಒಬ್ಬರು ಎಣ್ಣೆ ಡಬ್ಬ ಕತ್ತರಿಸಿ ರಿವೀಟ್ ಹೊಡಿ ಅಂದರು. ಇನ್ನೊಬ್ಬರು ಚುನಾವಣೆ ಮುಗಿದಿದೆ, ಬೋರ್ಡುಗಳು ಬೇಕಾದಷ್ಟು ಸಿಗುತ್ತವೆ ಅಂದರು. ಭಾಯಿ ಎಲ್ಲರನ್ನೂ ಒಮ್ಮೆ ನೋಡಿ, "ಇದಕ್ಕೆ ಲಾರಿ ತರ ಚಾಸಿ ಬೇರೆ ಇಲ್ಲ ಸರ. ಈ ನೆಲಾನೇ ಚಾಸಿ. ಇದು ಜಗ್ಗಿದ್ರೆ ಡೋರು ಕೂಡಲ್ಲ" ಅಂದರು. ಎಣ್ಣೆ ಡಬ್ಬದವರು ಮೆಲ್ಲಗೆ ಚಹಾದಂಗಡಿ ಕಡೆ ನಡೆದರು.

ಶೀಟು ಹುಡುಕುವುದು ನನ್ನ ಪಾಲಿಗೆ ಬಂತು. ಮುಂಬೈನ ಕುರ್ಲಾದಲ್ಲಿ ನಡೆಯುತ್ತಿದ್ದ ಈ ಕಾರಿನ ತಯಾರಿಕೆ 2000ದ ಹೊತ್ತಿಗೇ ನಿಂತಿದೆ. ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲಿ ಕೇಳಿದರೆ ಕೆಲವರು ನಗುತ್ತಾರೆ, ಕೆಲವರು ಅಂಬಾಸಿಡರ್‌ದು ಕೊಡಲಾ ಅನ್ನುತ್ತಾರೆ. ಫೋನಿನಲ್ಲಿ ಮಾತ್ರ ಎಲ್ಲವೂ 'ಪಕ್ಕಾ ಒರಿಜಿನಲ್'. ಫೋಟೋದಲ್ಲಿ ಕಪ್ಪು ಬಣ್ಣ ಹೊಡೆದ ಯಾವ ತಗಡೂ ಒರಿಜಿನಲ್ಲೇ ಅಲ್ವಾ! ಒಬ್ಬರ ಅಂಗಡಿಯಲ್ಲಿ ಶೀಟಿನ ನಡುವೆ ಹೆಬ್ಬೆರಳು ಒತ್ತಿದೆ. ಪೌಡರ್ ಡಬ್ಬಿಯ ಮುಚ್ಚಳದಂತೆ ಟಪ್ ಅಂತು. 22 ಗೇಜು, ಅಂದರೆ ದಪ್ಪ ಮುಕ್ಕಾಲು ಮಿಲಿಮೀಟರ್ ಆಸುಪಾಸು; ಗೇಜಿನ ಸಂಖ್ಯೆ ಏರಿದಷ್ಟೂ ತಗಡು ತೆಳು. ನೆಲಕ್ಕೆ ಬಿಗುವು ಕೊಡುವುದೇ ಅದರ ಮೇಲಿನ ಉಬ್ಬುಗೆರೆಗಳು. ಇಲ್ಲಿ ಆ ಗೆರೆ ಶಾಸ್ತ್ರಕ್ಕೆ ಎಳೆದಂತಿತ್ತು. ಸೀಟಿನ ಬೋಲ್ಟಿನ ತೂತು ಎಲ್ಲಿ ಅಂತ ಕೇಳಿದೆ. "ನಿಮಗೆ ಬೇಕಾದ ಕಡೆ ಹಾಕ್ಕೊಳ್ಳಿ ಸಾರ್" ಅಂದರು. ಎಂಥ ಉದಾರತೆ!

ಕೊನೆಗೆ ದೂರದ ಊರಿನವರೊಬ್ಬರ ಹತ್ತಿರ 20 ಗೇಜಿನ ಒಳ್ಳೇ ಶೀಟು ಸಿಕ್ಕಿತು. ಎಡ ಒಂದು, ಬಲ ಒಂದು ಅಂತ ಹೇಳಿ ದುಡ್ಡು ಕಳಿಸಿದೆ. ಪಾರ್ಸಲ್ ಬಂತು. ಬಿಚ್ಚಿದರೆ ಎರಡೂ ಎಡ. ಫೋನ್ ಮಾಡಿದೆ.

"ಒಂದು ಎದುರು ನಿಂತು ನೋಡಿದಾಗ ಬಲಕ್ಕೇ ಬರುತ್ತಲ್ಲ ಸಾರ್."

"ಹಾಗಾದ್ರೆ ಇನ್ನೊಂದು?"

"ಅದು ಕೂತು ನೋಡಿದಾಗ ಎಡ."

ಇಂಥ ತರ್ಕಕ್ಕೆ ಉತ್ತರ ಇಲ್ಲ. ವಾಪಸ್ ತಗೊಳ್ಳುವ ಪದ್ಧತಿಯೂ ಅವರಲ್ಲಿಲ್ಲ.

ಭಾಯಿ ಮಾತ್ರ ತಲೆ ಕೆಡಿಸಿಕೊಳ್ಳಲಿಲ್ಲ. ಊರಲ್ಲೇ 20 ಗೇಜಿನ ಸಿ.ಆರ್. (ಕೋಲ್ಡ್ ರೋಲ್ಡ್ ಉಕ್ಕಿನ) ಶೀಟು ತರಿಸಿದರು. ಸತುವಿನ ಲೇಪದ ಜಿ.ಐ. ತಗಡು ಹಾಕಿದರೆ ತುಕ್ಕೇ ಹಿಡಿಯಲ್ಲ ಅಂತ ಎಣ್ಣೆ ಡಬ್ಬದವರು ಮತ್ತೆ ಬಂದರು. "ವೆಲ್ಡಿಂಗ್ ಮಾಡುವಾಗ ಸತುವಿನ ಹೊಗೆ ಕುಡಿಯೋನು ನಾನಲ್ವಾ ಸರ?" ಅಂದರು ಭಾಯಿ. ಬಾಗಿಲಿನ ಜಾಗಕ್ಕೆ ಕಬ್ಬಿಣದ ಆಂಗಲ್ ಪಟ್ಟಿ ಅಡ್ಡ ಕೊಟ್ಟು ಬಾಡಿ ಜಗ್ಗದಂತೆ ಬಿಗಿದ ಮೇಲೇ ಹಳೇ ನೆಲ ಕತ್ತರಿಸಿದ್ದು. ಎಡಗಡೆಯ ಶೀಟು ನೋಡಿಕೊಂಡು, ಮರದ ದಿಮ್ಮಿಯ ಮೇಲೆ ಸುತ್ತಿಗೆಯಲ್ಲಿ ಬಡಿದು, ಬಲಗಡೆಯ ಗೆರೆಗಳನ್ನು ಕೈಯಲ್ಲೇ ಎಬ್ಬಿಸಿದರು. ತುಕ್ಕು ತಡೆಯುವ ರೆಡ್ ಆಕ್ಸೈಡ್ ಬಣ್ಣ ಬಿತ್ತು, ನೀರು ಹೋಗುವ ತೂತಿಗೆ ರಬ್ಬರ್ ಬಿರಡೆ ಬಿತ್ತು. ಕೈಯಲ್ಲಿ ಮಾಡಿದ್ದೇ ಅಂಗಡಿಯದ್ದಕ್ಕಿಂತ ಚೆನ್ನಾಗಿದೆ ಅಂತ ನನಗನ್ನಿಸುತ್ತದೆ. ಭಾಯಿಗೆ ಹೇಳಿಲ್ಲ, ರೇಟು ಜಾಸ್ತಿಯಾದೀತು.

ಉಳಿದ ಆ ಒಂದು ಶೀಟು ನಮ್ಮ ಮಾಳಿಗೆ ಮೇಲಿದೆ. ಯಾರಿಗಾದರೂ ಬೇಕಿದ್ದರೆ ಹೇಳಿ. 20 ಗೇಜು, ಪಕ್ಕಾ. ಎಡಗಡೆಯದು. ಕೂತು ನೋಡಿದಾಗ.